ವಿಷಲ್ ಊದೋರಿಗೆ ಬರೀ ಶಾಲು ಸಾಕಾ?

ನಾನು ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದವನು. ಕಾಲೇಜಲ್ಲಿ ಕಬಡ್ಡಿ ಆಡ್ತಿದ್ದೆ. ಆಮೇಲೆ ಒಂದೆರಡು ವರ್ಷ ರೆಫರಿಗಳ ಜೊತೆ ಸ್ಕೋರ್ ಬರೆಯೋಕೆ ಹೋಗ್ತಿದ್ದೆ. ಆಗ ಕಂಡ ಒಂದು ಸಂಜೆಯಿಂದ ಇವತ್ತಿನ ಮಾತು ಶುರು ಮಾಡ್ತೀನಿ.

ಅಂತರ ಕಾಲೇಜು ಟೂರ್ನಮೆಂಟು. ಬೆಳಿಗ್ಗೆ ಒಂಬತ್ತಕ್ಕೆ ಶುರುವಾಗಿದ್ದು, ಫೈನಲ್ ಮುಗಿಯೋ ಹೊತ್ತಿಗೆ ಲೈಟ್ ಹಾಕಿದ್ರು. ಗೆದ್ದೋರಿಗೆ ಆಳೆತ್ತರದ ಟ್ರೋಫಿ. ದಿನವಿಡೀ ವಿಷಲ್ ಊದಿದ ನಮ್ಮ ಪಿಟಿ ಮೇಷ್ಟ್ರಿಗೆ ಒಂದು ಶಾಲು, ಒಂದು ಹಾರ, ಒಂದು ಕವರು. ಬಸ್ ಸ್ಟ್ಯಾಂಡಲ್ಲಿ ಬಿಚ್ಚಿ ನೋಡಿದ್ರೆ ಇನ್ನೂರು ರೂಪಾಯಿ. "ಬಸ್ ಚಾರ್ಜಿಗಾಯ್ತು ಬಿಡಪ್ಪಾ" ಅಂತ ನಕ್ಕರು. ನಂಗೆ ನಗು ಬರ್ಲಿಲ್ಲ.

ಅವರ ಕೆಲಸ ಎಂಥದ್ದು ನೋಡಿ. ಹುಡುಗರ ಪಂದ್ಯ ಅಂದ್ರೆ 20 ನಿಮಿಷದ ಎರಡು ಅವಧಿ, ಒಂದು ರೈಡಿಗೆ 30 ಸೆಕೆಂಡು. ಬೋನಸ್ ಗೆರೆ ದಾಟಿದ್ನಾ, ಬೆರಳು ತಾಗ್ತಾ, ಎಲ್ಲಾ ಕಣ್ಣಳತೆಯಲ್ಲೇ ಹೇಳ್ಬೇಕು. ಪ್ರೊ ಕಬಡ್ಡಿಲಿ ಟಿವಿ ರಿಪ್ಲೇ ಇದೆ. ನಮ್ಮ ಮಣ್ಣಿನ ಅಂಕಣದಲ್ಲಿ ಅದೆಲ್ಲಿ? ಒಂದು ಪಾಯಿಂಟ್ ತಪ್ಪಿದ್ರೆ ಇಡೀ ಕಾಲೇಜು ಮೈಮೇಲೆ ಬರುತ್ತೆ.

ಈಗ ಕ್ರಿಕೆಟ್ ಕಡೆ ಬನ್ನಿ. 2022ರಲ್ಲಿ ಬಿಸಿಸಿಐ ಅಂಪೈರ್‌ಗಳನ್ನ ದರ್ಜೆ ಮಾಡಿ ವಿಂಗಡಿಸ್ತು. ರಣಜಿಯಂಥ ಪ್ರಥಮ ದರ್ಜೆ ಪಂದ್ಯಕ್ಕೆ ಮೇಲಿನ ದರ್ಜೆಯವರಿಗೆ ದಿನಕ್ಕೆ 40,000, ಕೆಳಗಿನವರಿಗೆ 30,000 ರೂಪಾಯಿ ಆಗ ಇತ್ತು. ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲೂ ಅದೇ ವರ್ಷ ಒಂದು ಬದಲಾವಣೆ ಆಯ್ತು: ರಾಷ್ಟ್ರೀಯ ಟೂರ್ನಿಯಲ್ಲಿ ಹುಡುಗಿಯರ ಪಂದ್ಯ ನಡೆಸೋ ರೆಫರಿಗಳಿಗೂ ಹುಡುಗರ ಪಂದ್ಯದಷ್ಟೇ ಫೀಸು. ನಮ್ಮ ಬೆಂಗಳೂರಲ್ಲೂ 2022ರಲ್ಲೇ ಖೇಲೋ ಇಂಡಿಯಾ ಯೂನಿವರ್ಸಿಟಿ ಗೇಮ್ಸ್ ನಡೀತು. ಕಾಲೇಜು ಆಟ ಈಗ ಸಣ್ಣದಲ್ಲ ಸ್ವಾಮಿ.

"ಮೇಷ್ಟ್ರಿಗೆ ಸಂಬಳ ಬರುತ್ತಲ್ಲ?" ಅಂತೀರಿ. ಆ ಸಂಬಳ ಅವರ ಕಾಲೇಜಿನ ಕೆಲಸಕ್ಕೆ. ಭಾನುವಾರ ಇನ್ನೊಬ್ಬರ ಮೈದಾನದಲ್ಲಿ ಬಿಸಿಲಲ್ಲಿ ನಿಂತಿದ್ದಕ್ಕಲ್ಲ. ಎಲ್ರಿಗೂ ಕಾಯಂ ನೌಕರಿನೂ ಇರಲ್ಲ.

ನಂಗೆ ಇನ್ನೂರು ರೂಪಾಯಿಗಿಂತ ಜಾಸ್ತಿ ಚುಚ್ಚಿದ್ದು ಆ ಕವರು. ಟೂರ್ನಮೆಂಟ್ ನಡೆಸೋ ಕಾಲೇಜಿನ ತಂಡವೂ ಕಣದಲ್ಲಿರುತ್ತೆ. ಫೈನಲ್ ಆದ್ಮೇಲೆ ಎಷ್ಟು ಕೊಡ್ಬೇಕು ಅಂತ ತೀರ್ಮಾನ ಮಾಡೋರೂ ಅವರೇ. ರೆಫರಿ ಎಷ್ಟೇ ಪ್ರಾಮಾಣಿಕರಿರಲಿ, ಸೋತ ಹುಡುಗರಿಗೆ ಅನುಮಾನ ಬರದೇ ಇರುತ್ತಾ? ರೆಫರಿಗೆ ನ್ಯಾಯವಾದ ಫೀಸು ಕೊಡೋದು ಅವರಿಗೆ ಮಾಡೋ ಉಪಕಾರ ಅಲ್ಲ. ಅದು ಆಟಗಾರನ ಹಕ್ಕು ಕೂಡ.

ಮಾಡಬೇಕಾದ್ದು ದೊಡ್ಡದೇನಿಲ್ಲ. ದಿನಕ್ಕೆ ಇಷ್ಟು, ಪ್ರಯಾಣಕ್ಕೆ ಇಷ್ಟು ಅಂತ ಮೊದಲೇ ಬರೆದು ಕೊಡಿ. ಹುಡುಗಿಯರ ಪಂದ್ಯಕ್ಕೂ ಅಷ್ಟೇ ಕೊಡಿ. ತಂಡಗಳ ಎಂಟ್ರಿ ಫೀಸಲ್ಲಿ ಅದಕ್ಕೊಂದು ಪಾಲು ಎತ್ತಿಡಿ. ಮೊದಲ ವಿಷಲ್‌ಗೆ ಮುಂಚೆನೇ ಅವರ ಫೋನ್‌ಪೇಗೆ ಹಾಕ್ಬಿಡಿ.

ಕೇಳ್ತಿರೋರಲ್ಲಿ ಯಾರಾದ್ರೂ ಕಾಲೇಜಿನ ಸ್ಪೋರ್ಟ್ಸ್ ಸೆಕ್ರೆಟರಿ ಇದ್ರೆ, ಮುಂದಿನ ಸಲ ಬಜೆಟ್ ಬರೆಯುವಾಗ ರೆಫರಿ ಫೀಸು ಮೊದಲ ಸಾಲಲ್ಲಿರಲಿ. ಟ್ರೋಫಿ ಒಂದಡಿ ಗಿಡ್ಡ ಆದ್ರೂ ಪರವಾಗಿಲ್ಲ. ಮತ್ತೆ ಸಿಗೋಣ.