ರಮಾಬಾಯಿ ತಾಯಿಯನ್ನು ನೆನೆಯುತ್ತಾ

(ಐನಾಪುರದಲ್ಲಿ ಸ್ವ-ಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳು)



ಮನೆ ಕೆಲಸ, ಹೊಲದ ಕೆಲಸ, ದನಕರುಗಳ ಚಾಕರಿ ಮುಗಿಸಿ, ಕೆಲವರು ಅರ್ಧಕ್ಕೇ ಬಿಟ್ಟು ಈ ಸಭೆಗೆ ಬಂದಿದ್ದೀರಿ. ನಾವು ಕೂಡಿದಾಗಲೆಲ್ಲ ಉಳಿತಾಯ, ಸಾಲ, ಕಂತು, ಬಡ್ಡಿ ಇವುಗಳ ಮಾತು ಇದ್ದದ್ದೇ. ಇವತ್ತು ಆ ಲೆಕ್ಕದ ಪುಸ್ತಕವನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಒಬ್ಬ ತಾಯಿಯನ್ನು ನೆನೆಯೋಣ.

ನಮ್ಮ ಭಾಗದ ಎಷ್ಟೋ ಮನೆಗಳಲ್ಲಿ ಬಾಬಾಸಾಹೇಬ ಅಂಬೇಡ್ಕರರ ಫೋಟೋ ಇದೆ. ಕೆಲವು ಮನೆಗಳಲ್ಲಿ ಅದರ ಪಕ್ಕ ಸೆರಗು ಹೊದ್ದ ಒಬ್ಬ ಹೆಣ್ಣುಮಗಳ ಫೋಟೋ ಇರುತ್ತದೆ. ‘ಇವರು ಯಾರು?’ ಅಂತ ಮಕ್ಕಳನ್ನು ಕೇಳಿದರೆ, ‘ಬಾಬಾಸಾಹೇಬರ ಹೆಂಡತಿ’ ಅಂತ ಹೇಳ್ತಾರೆ. ಅಲ್ಲಿಗೆ ಮಾತು ಮುಗೀತದೆ. ಗಡಿಯಾಚೆಯ ಮಿರಜ, ಸಾಂಗಲಿ ಕಡೆಯ ಜನ ಪ್ರೀತಿಯಿಂದ ‘ರಮಾಯಿ’ ಎನ್ನುವ ಆ ತಾಯಿ ಏನೇನು ಹೊತ್ತರು ಎಂಬುದನ್ನು ನಾವು ತಿಳಿಯಬೇಕು.

ರಮಾಬಾಯಿ ಹುಟ್ಟಿದ್ದು 1898ರ ಫೆಬ್ರುವರಿ 7ರಂದು, ಕೊಂಕಣದ ದಾಪೋಲಿ ಹತ್ತಿರದ ವಣಂದ ಎಂಬ ಸಣ್ಣ ಹಳ್ಳಿಯಲ್ಲಿ. ತಂದೆ ದಾಭೋಳ ಬಂದರದಲ್ಲಿ ಮೀನಿನ ಬುಟ್ಟಿ ಹೊರುವ ಕೂಲಿ. ಚಿಕ್ಕಂದಿನಲ್ಲೇ ತಾಯಿ ಹೋದರು, ಆಮೇಲೆ ತಂದೆಯೂ ಹೋದರು. ದಿಕ್ಕಿಲ್ಲದ ಮಕ್ಕಳನ್ನು ಬಂಧುಗಳು ಮುಂಬಯಿಗೆ ಕರೆತಂದರು. 1906ರಲ್ಲಿ ಭೀಮರಾವ ಅವರೊಡನೆ ಮದುವೆಯಾಯಿತು. ಹುಡುಗನಿಗೆ 14-15 ವರ್ಷ, ಹುಡುಗಿಗೆ 9ರ ಆಸುಪಾಸು. ಛತ್ರಕ್ಕೆ ಕೊಡಲು ದುಡ್ಡೆಲ್ಲಿ? ಮುಂಬಯಿಯ ಭಾಯಖಳಾ ಮಾರ್ಕೆಟ್ಟಿನಲ್ಲಿ, ವ್ಯಾಪಾರ ಮುಗಿದ ಮೇಲೆ, ರಾತ್ರಿ ಹೊತ್ತು ಲಗ್ನ ಮಾಡಿದರು. ಒಂದು ಮೂಲೆಯಲ್ಲಿ ಹೆಣ್ಣಿನವರು, ಇನ್ನೊಂದು ಮೂಲೆಯಲ್ಲಿ ಗಂಡಿನವರು. ಮಾಲು ಹರಡುವ ಕಲ್ಲಿನ ಕಟ್ಟೆಗಳೇ ಬೀಗರ ಆಸನ.

1913ರಲ್ಲಿ ಮಾವ ರಾಮಜಿಯವರು ತೀರಿಕೊಂಡರು. ಅದೇ ವರ್ಷ ಗಂಡ ಬಡೋದೆ ಮಹಾರಾಜರ ವಿದ್ಯಾರ್ಥಿವೇತನದ ಮೇಲೆ ಅಮೆರಿಕಕ್ಕೆ ಓದಲು ಹೋದರು. ತಿರುಗಿ ಬಂದದ್ದು 1917ರಲ್ಲಿ. 1920ರಲ್ಲಿ ಮತ್ತೆ ಲಂಡನ್ನಿಗೆ ಹೋದರು, 1923ರಲ್ಲಿ ಬಂದರು. ಆರೇಳು ವರ್ಷ ಗಂಡ ಸಮುದ್ರದಾಚೆ, ಹೆಂಡತಿ ಮುಂಬಯಿಯ ಚಾಳಿನಲ್ಲಿ. ರಮಾಬಾಯಿಯವರು ನೆಗೆಣ್ಣಿ ಲಕ್ಷ್ಮೀಬಾಯಿಯವರ ಜೊತೆ ಸೇರಿ ಸಂಸಾರ ದೂಡಿದರು. ಸಗಣಿ ಆರಿಸಿ ತಂದು ಕುಳ್ಳು ತಟ್ಟಿದರು. ಅರೆಹೊಟ್ಟೆ ಉಂಡರು. ಓದುತ್ತಿರುವ ಗಂಡನಿಗೆ ಚಿಂತೆ ಹತ್ತಬಾರದು ಅಂತ ಮನೆಯ ಕಷ್ಟವನ್ನು ತಾವೇ ನುಂಗಿಕೊಂಡರು.

ಇದಕ್ಕಿಂತ ದೊಡ್ಡ ದುಃಖ ಇನ್ನೊಂದಿತ್ತು. ಐದು ಮಕ್ಕಳನ್ನು ಹೆತ್ತ ತಾಯಿಗೆ ಉಳಿದದ್ದು ಯಶವಂತ ಒಬ್ಬರೇ. ಗಂಗಾಧರ, ರಮೇಶ, ಇಂದು ಎಳೆ ವಯಸ್ಸಿನಲ್ಲೇ ಹೋದರು. ಕೊನೆಯ ಮಗ ರಾಜರತ್ನ 1926ರ ಜುಲೈ ತಿಂಗಳಲ್ಲಿ ತೀರಿಕೊಂಡ. ಒಂದು ಕೂಸನ್ನು ಮಣ್ಣಿಗಿಟ್ಟ ತಾಯಿಯ ಸಂಕಟ ಇಲ್ಲಿ ಕುಳಿತಿರುವ ಕೆಲವರಿಗೆ ಗೊತ್ತು. ನಾಲ್ಕು ಸಲ ಹಾಗಾದರೆ ಹೇಗಿರಬೇಕು?

1925ರ ಏಪ್ರಿಲ್‌ನಲ್ಲಿ ಬಾಬಾಸಾಹೇಬರು ನಮ್ಮ ನಿಪ್ಪಾಣಿಗೆ ಬಂದು ದಲಿತರ ಪರಿಷತ್ತಿನಲ್ಲಿ ಮಾತಾಡಿದರು. ಆ ಮಾತನ್ನು ನಮ್ಮ ಜನ ಇವತ್ತಿಗೂ ಹೆಮ್ಮೆಯಿಂದ ಹೇಳುತ್ತಾರೆ. ಆದರೆ ಅವರು ಹೀಗೆ ಊರೂರು ತಿರುಗುತ್ತಿದ್ದಾಗ ಮನೆಯ ಒಲೆ ಆರದಂತೆ ನೋಡಿಕೊಂಡವರು ರಮಾಬಾಯಿ. ಮನೆಯಲ್ಲಿ ಮಾತ್ರ ಅಲ್ಲ, 1928ರಲ್ಲಿ ಮುಂಬಯಿಯಲ್ಲಿ ದಲಿತ ಮಹಿಳೆಯರ ಸಂಘ ಶುರುವಾದಾಗ ಅದರ ಅಧ್ಯಕ್ಷೆಯಾಗಿದ್ದವರೂ ಅವರೇ. ಇಂದು ಸಂಘದ ಅಧ್ಯಕ್ಷೆ, ಕಾರ್ಯದರ್ಶಿ ಆಗಿರುವ ನಮ್ಮ ಅಕ್ಕಂದಿರು ಇದನ್ನು ನೆನಪಿಡಬೇಕು.

ಧಾರವಾಡಕ್ಕೂ ಅವರಿಗೂ ನಂಟಿದೆ. ಅಲ್ಲಿ ದಲಿತ ಮಕ್ಕಳಿಗಾಗಿ ಬಾಬಾಸಾಹೇಬರು ಕಟ್ಟಿದ ವಸತಿಗೃಹವನ್ನು ವರಾಳೆ ಎಂಬವರು ನಡೆಸುತ್ತಿದ್ದರು. ರಮಾಬಾಯಿಯವರು ಕೆಲವು ದಿನ ಅಲ್ಲಿದ್ದಾಗ ನಡೆದ ಸಂಗತಿಯೊಂದನ್ನು ಹಿರಿಯರು ಹೇಳುತ್ತಾರೆ. ದಿನಾ ಅಂಗಳದಲ್ಲಿ ಆಡುವ ಹುಡುಗರ ಸದ್ದೇ ಇಲ್ಲ. ಯಾಕೆಂದು ವಿಚಾರಿಸಿದರೆ, ಸರ್ಕಾರದ ದುಡ್ಡು ಬಂದಿಲ್ಲ, ಕಾಳುಕಡಿ ತೀರಿದೆ, ಮಕ್ಕಳು ಉಪವಾಸ ಇದ್ದಾರೆ ಎಂದು ತಿಳಿಯಿತು. ಆ ತಾಯಿ ಒಳಗೆ ಹೋಗಿ, ತಮ್ಮ ಬಂಗಾರದ ಬಳೆಗಳನ್ನು ತಂದು, ಅಡವಿಟ್ಟು ಮಕ್ಕಳಿಗೆ ಉಣ್ಣಿಸಿರಿ ಅಂತ ಕೊಟ್ಟರಂತೆ. ತನ್ನ ಮಕ್ಕಳನ್ನು ಕಳಕೊಂಡ ತಾಯಿ ಊರ ಮಕ್ಕಳಿಗೆ ತಾಯಿಯಾದರು.

ಅವರಿಗೂ ಒಂದು ಆಸೆ ಇತ್ತು. ಪಂಢರಪುರಕ್ಕೆ ಹೋಗಿ ವಿಠ್ಠಲನನ್ನು ಕಣ್ತುಂಬ ನೋಡಬೇಕು ಅಂತ. ನಮ್ಮ ಊರುಗಳಿಂದ ಈಗ ಎಷ್ಟು ಸಲೀಸಾಗಿ ಹೋಗಿಬರುತ್ತೇವೆ! ಆಗ ಅಸ್ಪೃಶ್ಯರೆನಿಸಿದವರಿಗೆ ಗುಡಿಯೊಳಗೆ ಪ್ರವೇಶ ಇರಲಿಲ್ಲ. ಹೊರಗೇ ನಿಲ್ಲಿಸುವ ಜಾಗಕ್ಕೆ ಹೋಗುವುದು ಬೇಡ ಎಂದು ಬಾಬಾಸಾಹೇಬರು ತಡೆದರು. ಸಾನೆ ಗುರೂಜಿಯವರು ಉಪವಾಸ ಕೂತ ಮೇಲೆ ಆ ಗುಡಿ ದಲಿತರಿಗೆ ತೆರೆದದ್ದು 1947ರಲ್ಲಿ. ಅಷ್ಟರಲ್ಲಿ ರಮಾಬಾಯಿ ಹೋಗಿ 12 ವರ್ಷ ಆಗಿತ್ತು. ಬಹಳ ದಿನದ ಕಾಯಿಲೆಯಿಂದ ಸೊರಗಿದ ಅವರು 1935ರ ಮೇ 27ರಂದು, ದಾದರಿನ ‘ರಾಜಗೃಹ’ದಲ್ಲಿ ಕಣ್ಣು ಮುಚ್ಚಿದರು. ವಯಸ್ಸು ಬರೇ 37.

ಆಮೇಲೆ ಬಾಬಾಸಾಹೇಬರು ಪಾಕಿಸ್ತಾನದ ವಿಷಯವಾಗಿ ಬರೆದ ತಮ್ಮ ಪುಸ್ತಕವನ್ನು ಈ ‘ರಾಮು’ವಿಗೆ ಅರ್ಪಿಸಿ, ತಮ್ಮೊಡನೆ ಕಷ್ಟ ಉಂಡ ಹೆಂಡತಿಯ ಒಳ್ಳೆಯತನವನ್ನು ನೆನೆದರು. ಮಗ ಯಶವಂತರ ಮದುವೆ, ಮೊಮ್ಮಕ್ಕಳ ಮುಖ ಯಾವುದನ್ನೂ ಆ ತಾಯಿ ನೋಡಲಿಲ್ಲ. ಮುಂದೆ ಸಂಸತ್ತಿಗೆ ಹೋದ ಮೊಮ್ಮಗ ಪ್ರಕಾಶ ಅಂಬೇಡ್ಕರರು ಹುಟ್ಟಿದ್ದು 1954ರಲ್ಲಿ. ಅಜ್ಜಿ ಆಗುವ ಭಾಗ್ಯ ಆ ತಾಯಿಗೆ ಬರಲಿಲ್ಲ.

ಅಕ್ಕಂದಿರೇ, ಇದನ್ನೆಲ್ಲ ಹೇಳಿದ್ದು ಕಣ್ಣೀರು ತರಿಸಲಿಕ್ಕೆ ಅಲ್ಲ. ಇಂಥ ತಾಯಂದಿರನ್ನು ನಾವು ‘ತ್ಯಾಗಮಯಿ’ ಅಂತ ಕೊಂಡಾಡುತ್ತೇವೆ, ಹಾರ ಹಾಕುತ್ತೇವೆ. ಹೊಗಳುವುದು ಸುಲಭ. ಆದರೆ ಜೀವ ಇರುವಾಗ ಆ ತಾಯಿಯ ಹೊಟ್ಟೆ, ಮೈ, ಮನಸ್ಸು ನೋಡಿಕೊಳ್ಳುವವರು ಯಾರು?

ನಮ್ಮ ಸಂಘವೊಂದರಲ್ಲಿ ಒಬ್ಬ ಅಕ್ಕ ಇದ್ದಳು. ಹೆಸರು ಬೇಡ. ಮೊದಲ ಸಾಲ ಎತ್ತಿದ್ದು ಗಂಡ ತಂದ ಎಮ್ಮೆಗೆ, ಎರಡನೆಯದು ಮಗನ ಫೀಜಿಗೆ, ಮೂರನೆಯದು ಮಗಳ ಬಾಣಂತನಕ್ಕೆ, ನಾಲ್ಕನೆಯದು ಮೊಮ್ಮಗನ ಜಾವಳಕ್ಕೆ. ಒಂದು ಕಂತೂ ತಪ್ಪಿಸಲಿಲ್ಲ. ‘ನಿನಗಂತ ಏನ್ ತಗೊಂಡಿ ಅಕ್ಕಾ?’ ಅಂದರೆ, ‘ನನಗೇನ್ ಬೇಕ್ರೀ?’ ಅಂತ ನಗುತ್ತಿದ್ದಳು. ಮುಟ್ಟು ನಿಂತು ಎಷ್ಟೋ ವರ್ಷ ಆದ ಮೇಲೆ ಮತ್ತೆ ರಕ್ತ ಹೋಗುತ್ತಿತ್ತು. ತಿಂಗಳುಗಟ್ಟಲೆ ಯಾರಿಗೂ ಹೇಳಲಿಲ್ಲ. ಮಿರಜದ ದವಾಖಾನೆಗೆ ಕರಕೊಂಡು ಹೋದಾಗ ಹೊತ್ತು ಮೀರಿತ್ತು. ಮಣ್ಣಿಗೆ ಬಂದ ಜನ ಎಲ್ಲ, ‘ಎಂಥಾ ಬಂಗಾರದಂಥ ಹೆಣ್ಣುಮಗಳು’ ಅಂದರು. ವಾರವಾರ ಅವಳ ಪಕ್ಕದಲ್ಲೇ ಕೂತು ಲೆಕ್ಕ ಬರೆದ ನಾವು ಒಂದು ಸಲವೂ, ‘ಅಕ್ಕಾ, ನಿನ್ನ ಆರೋಗ್ಯ ಹೆಂಗೈತಿ?’ ಅಂತ ಕೇಳಿರಲಿಲ್ಲ. ಆ ತಪ್ಪು ನಮ್ಮದು. ಅದನ್ನು ಒಪ್ಪಿಕೊಂಡೇ ನಿಮ್ಮ ಮುಂದೆ ಮೂರು ಮಾತು ಇಡುತ್ತೇವೆ.

ಒಂದು: ಸಭೆಯಲ್ಲಿ ಹಾಜರಿ ಕೂಗುವಾಗ ಪ್ರತಿಯೊಬ್ಬರ ಆರೋಗ್ಯವನ್ನೂ ಕೇಳೋಣ. ಮುಟ್ಟು ನಿಂತ ಮೇಲೆ ರಕ್ತ ಹೋಗುವುದು, ಎದೆಯಲ್ಲಿ ಗಂಟು, ಕಾರಣವಿಲ್ಲದೆ ಮೈ ಇಳಿಯುವುದು, ಇವು ಮುಚ್ಚಿಡುವ ಮಾತಲ್ಲ. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳ ಮೂಲಕ ಬಿ.ಪಿ., ಸಕ್ಕರೆ ಕಾಯಿಲೆ, ಸ್ತನ ಹಾಗೂ ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯ ಕಾರ್ಯಕ್ರಮ ಇದೆ. ಆಶಾ ಕಾರ್ಯಕರ್ತೆಯನ್ನು ಕೇಳಿರಿ. ಒಬ್ಬರೇ ಹೋಗಲು ನಾಚಿಕೆಯಾದರೆ ಸಂಘದವರೆಲ್ಲ ಕೂಡಿ ಹೋಗಿರಿ.

ಎರಡು: ಸದಸ್ಯೆಯ ಸ್ವಂತ ಔಷಧೋಪಚಾರಕ್ಕೆ ಮೊದಲ ಆದ್ಯತೆಯ ಸಾಲ ಎಂದು ಸಂಘದ ಠರಾವು ಪುಸ್ತಕದಲ್ಲಿ ಬರೆಸಿ. ‘ನನಗೇನ್ ಬೇಕ್ರೀ’ ಅನ್ನುವ ಅಕ್ಕನಿಗೇ ಅದನ್ನು ಮೊದಲು ಓದಿ ಹೇಳಿ.

ಮೂರು: ಎಲ್ಲರೂ ಉಂಡ ಮೇಲೆ ತಳದಲ್ಲಿ ಉಳಿದದ್ದನ್ನು ಉಣ್ಣುವ ರೂಢಿ ಬಿಡೋಣ. ಗಂಡ-ಮಕ್ಕಳ ಜೊತೆ ಕೂತು, ಬಿಸಿ ರೊಟ್ಟಿ ಇರುವಾಗಲೇ ಉಣ್ಣೋಣ. ಸೊಸೆಗೂ ಬಡಿಸೋಣ.

ರಮಾಬಾಯಿಯವರ ಕಾಲದಲ್ಲಿ ಆ ಚಾಳಿನಲ್ಲಿ ಇಂಥ ಸಂಘ ಇರಲಿಲ್ಲ, ಕಷ್ಟಕ್ಕೆ ನೂರು ರೂಪಾಯಿ ಎತ್ತಿಕೊಡುವ ಪೆಟ್ಟಿಗೆ ಇರಲಿಲ್ಲ. ನಮಗಿದೆ. ಮುಂದಿನ ಫೆಬ್ರುವರಿ 7ಕ್ಕೆ ಆ ತಾಯಿಯ ಫೋಟೋಕ್ಕೆ ಹೂ ಏರಿಸುವಾಗ, ನಮ್ಮ ಸಂಘದ ಒಬ್ಬ ಅಕ್ಕನಾದರೂ ಹೊತ್ತಿಗೆ ಸರಿಯಾಗಿ ದವಾಖಾನೆಗೆ ಹೋಗಿ ಗುಣವಾಗಿ ಬಂದು ನಮ್ಮ ನಡುವೆ ಕೂತಿರಲಿ. ಮೊಮ್ಮಕ್ಕಳನ್ನು ತೊಡೆಯ ಮೇಲೆ ಆಡಿಸುತ್ತಾ ಕೂತಿರಲಿ.