ಹಲ್ಲುಗಾಲಿಯ ಲೆಕ್ಕ

ಜೀವಮಾನವಿಡೀ ಛಂದಸ್ಸು, ವ್ಯಾಕರಣಗಳನ್ನು ಬೋಧಿಸಿ ನಿವೃತ್ತನಾದವನಿಗೆ ಆಟಿಕೆಯ ಮೋಟಾರು ಕಾರಿನ ಗೊಡವೆ ಏತಕ್ಕೆಂದು ತಾವು ಕೇಳಬಹುದು. ಆ ಗೊಡವೆಗೆ ನನ್ನನ್ನು ಎಳೆದವನು ಹನ್ನೊಂದು ವರ್ಷದ ಮೊಮ್ಮಗ. ಅದರಲ್ಲಿ ತಪ್ಪು ಮಾಡಿದವನು ಮಾತ್ರ ನಾನೇ.

ಎರಡು ಸೆಲ್ಲುಗಳಿಂದ ಓಡುವ ಆ ಕಾರನ್ನು ಅವನೇ ಜೋಡಿಸಿದ್ದ. ಮೋಟಾರಿನ ಕಡ್ಡಿಗೆ 8 ಹಲ್ಲಿನ ಪುಟ್ಟ ಗಾಲಿ, ಹಿಂದಿನ ಅಚ್ಚಿಗೆ 40 ಹಲ್ಲಿನ ದೊಡ್ಡ ಗಾಲಿ. ಚಿಕ್ಕದು ಐದು ಸುತ್ತು ಸುತ್ತಿದರೆ ದೊಡ್ಡದು ಒಂದು ಸುತ್ತು. ಹುಡುಗರು ಇದನ್ನು ‘ಗೇರು’ ಎನ್ನುತ್ತಾರೆ. ಕರಾವಳಿಯ ಕೇಳುಗರು ಗೋಡಂಬಿಯೆಂದು ಭಾವಿಸಬಾರದಲ್ಲ, ಆದ್ದರಿಂದ ನಾನು ಹಲ್ಲುಗಾಲಿ ಎನ್ನುತ್ತೇನೆ. ಕೇರಿಯ ಹುಡುಗರ ಪಂದ್ಯದಲ್ಲಿ ಅವನ ಕಾರು ಕಟ್ಟಕಡೆಗೆ ಬಂದಿತು. “ತಾತ, ಇದನ್ನ ಇನ್ನೂ ಜೋರಾಗಿ ಓಡಿಸೋದು ಹೇಗೆ?” ಎಂದು ಕೇಳಿದ. “ಚಿಕ್ಕದನ್ನು ಹಿಗ್ಗಿಸು, ದೊಡ್ಡದನ್ನು ಕುಗ್ಗಿಸು” ಎಂದೆ, ಸೂತ್ರ ಹೇಳುವ ಗತ್ತಿನಲ್ಲಿ.

ಎರಡು ಅಚ್ಚುಗಳ ನಡುವಣ ಅಂತರ ಬದಲಾಗದಿರಬೇಕಾದರೆ ಹಲ್ಲುಗಳ ಮೊತ್ತ 48 ಆಗಿಯೇ ಉಳಿಯಬೇಕು. ಅವನು ತಾನು ಕೂಡಿಟ್ಟ ಹಣದಲ್ಲಿ 16 ಮತ್ತು 32 ಹಲ್ಲುಗಳ ಜೋಡಿಯನ್ನು ತಂದು ಹಾಕಿದ. ಕಾರು ನಿಂತಲ್ಲೇ ಗುಂಯ್‌ಗುಟ್ಟಿತು. “ತಾಳು, ಹೊರಡುತ್ತದೆ” ಎಂದು ನಾನು ಸ್ವಿಚ್ಚು ಆರಿಸಗೊಡಲಿಲ್ಲ. ಸುಟ್ಟ ವಾಸನೆ ಬಂತು, ಮೋಟಾರು ಸತ್ತಿತ್ತು.

ಹುಡುಗ ಅಳಲಿಲ್ಲ, ದೂರಲಿಲ್ಲ. ಎರಡು ದಿನ ನನ್ನನ್ನು ಯಾವ ಪ್ರಶ್ನೆಯನ್ನೂ ಕೇಳಲಿಲ್ಲ, ಅಷ್ಟೇ. ಮನೆಯಲ್ಲಿ ಆ ಮೌನವನ್ನು ಸಹಿಸುವುದು ನನ್ನಿಂದಾಗಲಿಲ್ಲ.

ಭೌತಶಾಸ್ತ್ರ ಕಲಿಸುತ್ತಿದ್ದ ಹಳೆಯ ಸಹೋದ್ಯೋಗಿಯೊಬ್ಬರಲ್ಲಿಗೆ ಹೋಗಿ ಶಿಷ್ಯನಂತೆ ಕುಳಿತೆ. ಹಲ್ಲುಗಾಲಿ ಹೊಸ ಶಕ್ತಿಯನ್ನು ಹುಟ್ಟಿಸುವುದಿಲ್ಲ. ಸುತ್ತು ಎಷ್ಟು ಪಟ್ಟು ಏರುವುದೋ ತಿರುಗಿಸುವ ಬಲ ಅಷ್ಟೇ ಪಟ್ಟು ಇಳಿಯುತ್ತದೆ. ಬಲ ಸಾಲದೆ ನಿಂತ ಮೋಟಾರು ಅತ್ಯಂತ ಹೆಚ್ಚು ವಿದ್ಯುತ್ತನ್ನು ಎಳೆದುಕೊಳ್ಳುತ್ತದೆ. ಓಡದಿರುವುದರಿಂದ ಅದೆಲ್ಲವೂ ಶಾಖವಾಗುತ್ತದೆ. ನಾನು “ತಾಳು” ಎಂದದ್ದು ಆ ಗಳಿಗೆಯಲ್ಲೇ.

ಮರುದಿನ ಮೊಮ್ಮಗನೊಡನೆ ಕೋಟೆ ಹತ್ತಿದೆ. ಜೋಗಿಮಟ್ಟಿಯ ಕಡೆ ಗುಡ್ಡಗಳ ನೆತ್ತಿಯಲ್ಲಿ ಗಾಳಿಯಂತ್ರಗಳು ನಿಧಾನವಾಗಿ ತಿರುಗುತ್ತಿದ್ದವು. ದೊಡ್ಡ ರೆಕ್ಕೆಗಳು ನಿಮಿಷಕ್ಕೆ ಹದಿನೈದಿಪ್ಪತ್ತು ಸುತ್ತು ಹಾಕಿದರೆ, ಹಲ್ಲುಗಾಲಿಯ ಪೆಟ್ಟಿಗೆಯುಳ್ಳ ಯಂತ್ರಗಳಲ್ಲಿ ಅದೇ ಚಲನೆ ಸುಮಾರು 1500 ಸುತ್ತಾಗಿ ವಿದ್ಯುಜ್ಜನಕವನ್ನು ಮುಟ್ಟುತ್ತದೆ. ಅಲ್ಲಿ ಬಲಕ್ಕೆ ಬರವಿಲ್ಲ, ಸುತ್ತಿಗೆ ಬರ. ನಮ್ಮ ಪುಟ್ಟ ಮೋಟಾರಿನದು ಇದಕ್ಕೆ ತದ್ವಿರುದ್ಧ: ಸುತ್ತು ಧಾರಾಳ, ಬಲ ಕಡಿಮೆ. ಇದನ್ನು ಹೇಳಿ, “ಮೋಟಾರು ಸುಟ್ಟದ್ದು ನನ್ನಿಂದ” ಎಂದೆ. ಅವನು ಗಾಳಿಯಂತ್ರಗಳನ್ನು ಎಣಿಸುತ್ತಿದ್ದ, ತಲೆಯಾಡಿಸಿದ.

ಹೊಸ ಮೋಟಾರು ನನ್ನ ಪಿಂಚಣಿಯ ಲೆಕ್ಕಕ್ಕೆ. ಈ ಸಲ 10 ಮತ್ತು 38 ಹಲ್ಲುಗಳ ಜೋಡಿ. ಗಾಲಿಗಳು ಬಿಗಿಯಾಗಿ ಕಚ್ಚದಂತೆ ನಡುವೆ ತೆಳುಕಾಗದವಿಟ್ಟು ಕೂರಿಸಿ, ಆಮೇಲೆ ಕಾಗದವನ್ನು ಎಳೆದುಕೊಂಡೆವು. ಅಚ್ಚಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು. ಅಂದಕ್ಕೆಂದು ಅಂಟಿಸಿದ್ದ ಭಾರದ ತಗಡನ್ನು ಅವನೇ ಕಿತ್ತ. ಲೆಕ್ಕದಂತೆ ವೇಗ ಸುಮಾರು ಮೂರರಲ್ಲೊಂದು ಪಾಲು ಏರಬೇಕಿತ್ತು. ಹೊರೆ ಹೆಚ್ಚಿದ ಮೋಟಾರು ತನ್ನ ಸುತ್ತನ್ನು ತುಸು ಇಳಿಸಿಕೊಳ್ಳುವುದರಿಂದ ಅಷ್ಟು ಏರಲಿಲ್ಲ. ಹತ್ತು ಮೀಟರಿನ ಅಂಗಳವನ್ನು ಮೊದಲು ಏಳು ಸೆಕೆಂಡಿನಲ್ಲಿ ದಾಟುತ್ತಿದ್ದ ಕಾರು ಆರರಲ್ಲಿ ದಾಟಿತು. ಮೋಟಾರನ್ನು ಮುಟ್ಟಿ ನೋಡಿದೆವು, ಬೆಚ್ಚಗಿತ್ತು, ಸುಡುತ್ತಿರಲಿಲ್ಲ.

“ತಾತ, 12ಕ್ಕೆ 36 ಹಾಕಿದ್ರೆ?” ಎಂದ.

“ಗೊತ್ತಿಲ್ಲ ಕಣಪ್ಪ, ಹಾಕಿ ನೋಡೋಣ. ಸ್ವಿಚ್ಚು ಮಾತ್ರ ನಿನ್ನ ಕೈಯಲ್ಲಿರಲಿ” ಎಂದೆ.