ಕೇಳಿ ಮಾಡುವ ಸೇವೆ
(ಶತಮಾನೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಈ ಶುಭ ಸಂದರ್ಭದಲ್ಲಿ ನಮ್ಮ ಹಿರಿಯರ ಸೇವೆಯನ್ನು ಕೃತಜ್ಞತೆಯಿಂದ ಸ್ಮರಿಸುತ್ತೇವೆ. ಅದರೊಡನೆ ನಮ್ಮ ಸೇವೆಯ ರೀತಿಯನ್ನು ಪರೀಕ್ಷಿಸಿಕೊಳ್ಳುವುದೂ ನಮ್ಮ ಕರ್ತವ್ಯವಾಗಿದೆ.

ಕೆಲವು ವರ್ಷಗಳ ಹಿಂದೆ ಕ್ರಿಸ್ತಜಯಂತಿಯ ಸಮಯದಲ್ಲಿ ನಾವು ವಿಕಲಚೇತನರ ಆಶ್ರಮವೊಂದಕ್ಕೆ ಹೋಗಿ, ಅಲ್ಲಿಯ ಸ್ತ್ರೀಯರೆಲ್ಲರಿಗೂ ಒಂದೇ ಬಣ್ಣದ ಸೀರೆಗಳನ್ನು ಹಂಚಿದೆವು. ಮಾತು ಬಾರದ ಒಬ್ಬಾಕೆ ಸೀರೆಯನ್ನು ಪಕ್ಕಕ್ಕೆ ಸರಿಸಿ ಮುಖ ತಿರುಗಿಸಿದಳು. ಆಕೆಗೆ ಉಪಕಾರಸ್ಮರಣೆ ಇಲ್ಲವೆಂದು ನಾವು ಆಡಿಕೊಂಡೆವು. ಮರುವರ್ಷ ಅಲ್ಲಿಯ ಧರ್ಮಭಗಿನಿಯೊಬ್ಬರ ಸಲಹೆಯಂತೆ ನಾಲ್ಕಾರು ಬಣ್ಣದ ಸೀರೆಗಳನ್ನು ಆಕೆಯ ಮುಂದಿಟ್ಟೆವು. ಆಕೆ ಹಸುರು ಸೀರೆಯನ್ನು ಎದೆಗವಚಿಕೊಂಡು ನಕ್ಕಳು. ನಾವು ತಲೆ ತಗ್ಗಿಸಿದೆವು. ಆಕೆಗೆ ಇಚ್ಛೆ ಇತ್ತು, ನಾವು ಕೇಳಿರಲಿಲ್ಲ.

ಜೆರಿಕೋ ಪಟ್ಟಣದ ದಾರಿಯಲ್ಲಿ ಕುಳಿತಿದ್ದ ಕುರುಡ ಬಾರ್ತಿಮಾಯನನ್ನು ಜನರು ಗದರಿಸಿ ಸುಮ್ಮನಾಗಿಸಲೆತ್ನಿಸಿದರು. ಅವನ ಕೊರತೆ ಎಲ್ಲರಿಗೂ ಕಾಣುತ್ತಿತ್ತು. ಆದರೂ ಪ್ರಭು ಯೇಸು ಅವನನ್ನು ಕರೆಸಿ, ಅವನ ಬಯಕೆ ಏನೆಂದು ಮೊದಲು ಕೇಳಿದರು; ಅನಂತರ ದೃಷ್ಟಿ ನೀಡಿದರು. ಸರ್ವವನ್ನೂ ಬಲ್ಲ ಪ್ರಭುವೇ ಕೇಳಿದ ಮೇಲೆ, ಕೇಳದೆ ನಿರ್ಧರಿಸಲು ನಾವಾರು?

ನಮ್ಮ ದೇಶದ ಕಾನೂನೂ ಇದನ್ನೇ ಹೇಳುತ್ತದೆ. ವಿಶ್ವಸಂಸ್ಥೆಯು 2006ರಲ್ಲಿ ಅಂಗೀಕರಿಸಿದ ಒಡಂಬಡಿಕೆಯನ್ನು ಭಾರತವು 2007ರಲ್ಲಿ ಒಪ್ಪಿಕೊಂಡಿತು. ಅದರಂತೆ ಬಂದ 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ 13ನೆಯ ಕಲಮಿನಲ್ಲಿ, ಇತರರಂತೆ ಆಸ್ತಿ ಹೊಂದುವ ಮತ್ತು ತಮ್ಮ ಹಣಕಾಸನ್ನು ನಿರ್ವಹಿಸಿಕೊಳ್ಳುವ ಹಕ್ಕು ಅವರಿಗುಂಟು. ನೆರವಾಗುವವರು ಅನುಚಿತ ಪ್ರಭಾವ ಬೀರದೆ ಅವರ ಸ್ವಾತಂತ್ರ್ಯವನ್ನೂ ಘನತೆಯನ್ನೂ ಗೌರವಿಸತಕ್ಕದ್ದು. 14ನೆಯ ಕಲಮಿನ ಸೀಮಿತ ಪೋಷಕತ್ವದಲ್ಲಿಯೂ ಪೋಷಕರು ಅವರೊಡನೆ ಕೂಡಿಯೇ ನಿರ್ಧರಿಸಬೇಕು.

"ಅವರಿಗೇನು ತಿಳಿಯುತ್ತದೆ? ಅಪಾಯವಾದರೆ ಹೊಣೆ ಯಾರು?" ಎಂದು ಕೆಲವರು ಕೇಳಬಹುದು. ಆ ಭಯ ಪ್ರೀತಿಯಿಂದಲೇ ಹುಟ್ಟಿದ್ದು. ಆದರೆ ಕೈಬಿಡುವುದು ಬೇರೆ, ಕೈಹಿಡಿದು ಅವರ ದಾರಿಯಲ್ಲಿಯೇ ನಡೆಸುವುದು ಬೇರೆ. ಸರಳವಾಗಿ ಹೇಳೋಣ, ಚಿತ್ರಗಳಿಂದ ತಿಳಿಸೋಣ, ಉತ್ತರಕ್ಕಾಗಿ ಕಾಯೋಣ. ನಾವೂ ತಪ್ಪು ಮಾಡಿಯೇ ಕಲಿತವರಲ್ಲವೆ?

ಬಾಂಧವರೇ, ಇಂದಿನಿಂದ ಒಂದು ನಿರ್ಣಯ ಕೈಗೊಳ್ಳೋಣ. ಬಲಿಪೂಜೆಯಲ್ಲಿ ಎಲ್ಲಿ ಕೂರಬೇಕು, ವಾಚನ ಓದಲು ಇಷ್ಟವೇ, ಏನನ್ನು ಉಣ್ಣಬೇಕು, ತಮ್ಮ ಮಾಸಾಶನವನ್ನು ಹೇಗೆ ಬಳಸಬೇಕು ಎಂಬುದನ್ನು ಅವರನ್ನೇ ಕೇಳೋಣ. ದಾನ ಕೊಡುವ ಕೈಗಳು ನೂರು ವರ್ಷಗಳಿಂದ ಈ ಧರ್ಮಕೇಂದ್ರದಲ್ಲಿವೆ. ಕೇಳುವ ಕಿವಿಗಳನ್ನೂ ದೇವರು ನಮಗೆ ಅನುಗ್ರಹಿಸಲಿ.